ಮನೆಯ ಕರೆಂಟ್ ಪ್ಯಾನೆಲ್ ಬದಲಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಹಳೆಯ ಪ್ಯಾನೆಲ್ ಬಿಚ್ಚಿಸಿದ ದಿನ ಗೀಸರ್ ಲೈನಿನ ವೈರ್ ಕೈಗೆ ಬಂತು. ಮೇಲಿನ ಪ್ಲಾಸ್ಟಿಕ್ ಕಪ್ಪಾಗಿ, ಕರಗಿ, ಪಕ್ಕದ ವೈರಿಗೆ ಅಂಟಿಕೊಂಡಿತ್ತು. ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಎರಡು ವರ್ಷದ ಹಿಂದೆ ಆ ಲೈನಿನ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಟ್ರಿಪ್ ಆಗುತ್ತಿದೆ, ಅಂದರೆ ಬೀಳುತ್ತಿದೆ, ಎಂದು ಒಬ್ಬರನ್ನು ಕರೆಸಿದ್ದೆವು. ಅವರು 16 ಆಂಪಿಯರಿನದನ್ನು ತೆಗೆದು 32 ಆಂಪಿಯರಿನದನ್ನು ಹಾಕಿ ಹೋದರು. ಟ್ರಿಪ್ ಆಗುವುದು ನಿಂತಿತು. ನಮಗೂ ಸಮಾಧಾನವಾಯಿತು. ಆ ಎರಡು ವರ್ಷ ಗೋಡೆಯೊಳಗೆ ವೈರ್ ಬೇಯುತ್ತಿತ್ತು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಅಂದಿನಿಂದ ಯಾರಾದರೂ ಪ್ಯಾನೆಲ್ ಬದಲಿಸುತ್ತೇವೆ ಅಂದರೆ ನನ್ನ ಮೊದಲ ಪ್ರಶ್ನೆ ಇದೇ: ಡಬ್ಬಿಯ ಹಿಂದಿರುವ ವೈರ್ ನೋಡಿದಿರಾ? ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ನೋಡಿದಿರಾ? ಕೆಳಗಿನ ಪ್ರಶ್ನೆಗಳು ಅಂಥ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂದವು. ಲೆಕ್ಕಕ್ಕೆಲ್ಲ 230 ವೋಲ್ಟ್ ಹಿಡಿದಿದ್ದೇನೆ. 120 ವೋಲ್ಟ್ ಬಳಸುವ ದೇಶಗಳಲ್ಲಿ ಅಷ್ಟೇ ವಾಟಿನ ಸಾಮಾನು ಸುಮಾರು ಎರಡರಷ್ಟು ಆಂಪಿಯರ್ ಎಳೆಯುತ್ತದೆ. ಉಳಿದ ವಿಚಾರ ಎಲ್ಲ ಕಡೆಯೂ ಒಂದೇ.

ಪ್ಯಾನೆಲ್, ಡಿಬಿ, ಮೇನ್ ಬೋರ್ಡ್, ಎಲ್ಲ ಒಂದೇನಾ?

ಮಾತಿನಲ್ಲಿ ಒಂದೇ. ಮೀಟರಿನಿಂದ ಬಂದ ಕರೆಂಟನ್ನು ಮನೆಯ ಬೇರೆ ಬೇರೆ ಲೈನುಗಳಿಗೆ ಹಂಚುವ ಡಬ್ಬಿ ಅದು. ಅದಕ್ಕೇ ಡಿಸ್ಟ್ರಿಬ್ಯೂಷನ್ ಬೋರ್ಡ್, ಚಿಕ್ಕದಾಗಿ ಡಿಬಿ, ಅನ್ನುತ್ತಾರೆ. ಒಳಗೆ ಒಂದು ಮೇನ್ ಸ್ವಿಚ್, ಒಂದೊಂದು ಲೈನಿಗೂ ಒಂದೊಂದು ಎಂಸಿಬಿ, ಎಲ್ಲ ಎಂಸಿಬಿಗಳಿಗೂ ಫೇಸ್ (ಕರೆಂಟ್ ತರುವ ಲೈನ್) ಕೊಡುವ ತಾಮ್ರದ ಪಟ್ಟಿ, ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ) ವೈರುಗಳೆಲ್ಲ ಸೇರುವ ಒಂದು ಪಟ್ಟಿ, ಅರ್ಥ್ ವೈರುಗಳಿಗೆ ಇನ್ನೊಂದು ಪಟ್ಟಿ ಇರುತ್ತವೆ. ಈಗಿನ ಪ್ಯಾನೆಲ್ ಆದರೆ ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಕೂಡ ಇರಬೇಕು. ಅದರ ವಿಷಯ ಮುಂದೆ ಬರುತ್ತದೆ.

ಮೀಟರ್ ಬೋರ್ಡ್ ಮಾತ್ರ ಬೇರೆ. ಮೀಟರ್ ಮತ್ತು ಅದರ ಸೀಲ್ ವಿದ್ಯುತ್ ಕಂಪನಿಯದು. ಅದನ್ನು ನಾವಾಗಲಿ, ನಾವು ಕರೆಸಿದ ಎಲೆಕ್ಟ್ರಿಷಿಯನ್ ಆಗಲಿ ಮುಟ್ಟುವ ಹಾಗಿಲ್ಲ.

ಹಳೆಯ ಫ್ಯೂಸ್ ಬೋರ್ಡ್ ಇಷ್ಟು ವರ್ಷ ಚೆನ್ನಾಗಿಯೇ ನಡೆದಿದೆ. ಬದಲಿಸಲೇಬೇಕಾ?

ಫ್ಯೂಸ್ ಕೆಟ್ಟ ವಸ್ತು ಅಂತ ನಾನು ಹೇಳುವುದಿಲ್ಲ. ಸರಿಯಾದ ದಪ್ಪದ ಫ್ಯೂಸ್ ವೈರ್ ಹಾಕಿದ್ದರೆ ಅದು ತನ್ನ ಕೆಲಸ ಮಾಡುತ್ತದೆ. ತೊಂದರೆ ಬರುವುದು ಅದು ಸುಟ್ಟ ರಾತ್ರಿ. ಕತ್ತಲಲ್ಲಿ ಕೈಗೆ ಸಿಕ್ಕಿದ ತಾಮ್ರದ ಎಳೆ ಸುತ್ತುತ್ತೇವೆ. ಒಂದೆಳೆ ನಿಲ್ಲದಿದ್ದರೆ ಮೂರೆಳೆ ಸುತ್ತುತ್ತೇವೆ. ಅಲ್ಲಿಗೆ ಫ್ಯೂಸ್ ವೈರ್ ಕೂರಿಸುವ ಆ ಪಿಂಗಾಣಿ ಕಿಟ್‌ಕ್ಯಾಟ್‌ನಲ್ಲಿ ಕಾವಲು ಅನ್ನುವುದೇ ಉಳಿಯುವುದಿಲ್ಲ.

ಎಂಸಿಬಿಯಲ್ಲಿ ಈ ಅವಕಾಶ ಇಲ್ಲ. 1924ರಲ್ಲಿ ಜರ್ಮನಿಯ ಹ್ಯೂಗೋ ಸ್ಟೋಟ್ಜ್ ಕಂಪನಿ ಪೇಟೆಂಟ್ ಪಡೆದ ಆ ಉಪಾಯವೇ ಇವತ್ತಿಗೂ ಒಳಗಿದೆ. ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇದೆ. ಜಾಸ್ತಿ ಕರೆಂಟ್ ತುಂಬಾ ಹೊತ್ತು ಹರಿದರೆ ಅದು ಬಿಸಿಯಾಗಿ ಬಾಗುತ್ತದೆ, ಸ್ವಿಚ್ ಕೆಳಗೆ ಬೀಳಿಸುತ್ತದೆ. ಜೊತೆಗೆ ಒಂದು ತಂತಿ ಸುರುಳಿ ಇದೆ. ಶಾರ್ಟ್ ಆದರೆ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಳೆದು ಬಿಡಿಸುತ್ತದೆ. ಕಾರಣ ಸರಿಮಾಡಿ ಮೇಲೆತ್ತಿದರೆ ಮುಗಿಯಿತು.

ಎಂಸಿಬಿ ಪದೇ ಪದೇ ಟ್ರಿಪ್ ಆಗುತ್ತಿದೆ. ದೊಡ್ಡದು ಹಾಕಿದರೆ ಸರಿಹೋಗುತ್ತದಾ?

ದಯವಿಟ್ಟು ಬೇಡ. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಓದಿ.

ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಗೀಸರನ್ನೂ ಅಲ್ಲ, ಫ್ರಿಜ್ಜನ್ನೂ ಅಲ್ಲ. ಹಾಗಾಗಿ ಎಷ್ಟು ಆಂಪಿಯರಿನ ಎಂಸಿಬಿ ಹಾಕಬೇಕು ಅನ್ನುವುದನ್ನು ವೈರಿನ ದಪ್ಪ ಹೇಳುತ್ತದೆ. ಗೋಡೆಯ ಮೇಲಿನ ಪೈಪಿನೊಳಗೆ ಒಂದೇ ಲೈನಿನ ಪಿವಿಸಿ ಹೊದಿಕೆಯ ತಾಮ್ರದ ವೈರ್ ಇದೆ, ಸುತ್ತಲಿನ ಗಾಳಿ 30 ಡಿಗ್ರಿ ಇದೆ ಅಂದುಕೊಳ್ಳಿ. ಆಗ 1.5 ಸ್ಕ್ವೇರ್ ಎಂಎಂ ವೈರ್ 17.5 ಆಂಪಿಯರ್ ತಡೆಯುತ್ತದೆ. 2.5 ಆದರೆ 24, 4 ಆದರೆ 32, 6 ಆದರೆ 41. ಶಾಖ ಹೊರಹೋಗದ ಗೋಡೆಯೊಳಗೆ ಹೂತಿದ್ದರೆ, ಒಂದೇ ಪೈಪಿನಲ್ಲಿ ನಾಲ್ಕಾರು ಲೈನ್ ತುಂಬಿದ್ದರೆ, ಅಥವಾ ಜಾಗವೇ ಬಿಸಿಯಾಗಿದ್ದರೆ ಈ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ.

ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಜೇಮ್ಸ್ ಜೌಲ್ 1841ರಲ್ಲೇ ತೋರಿಸಿಕೊಟ್ಟ ಮಾತು ಇದು. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಸಾಮಾನ್ಯ ಪಿವಿಸಿ ಹೊದಿಕೆ ದಿನವೂ ತಡೆದುಕೊಳ್ಳುವುದು 70 ಡಿಗ್ರಿ ತನಕ. ಅದನ್ನು ದಾಟಿದರೆ ಕೂಡಲೇ ಬೆಂಕಿ ಹತ್ತುವುದಿಲ್ಲ. ಮೊದಲು ಗಡುಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಒಂದು ದಿನ ಎರಡು ವೈರ್ ಒಂದಕ್ಕೊಂದು ತಾಗುತ್ತವೆ.

ನಮ್ಮ ಮನೆಯಲ್ಲಿ ಆದದ್ದನ್ನೇ ನೋಡಿ. ಆ ಲೈನಿನಲ್ಲಿ 2000 ವಾಟಿನ ಗೀಸರ್ ಇತ್ತು, ನೀರು ಕಾಯಿಸುವ 2000 ವಾಟಿನ ವಾಷಿಂಗ್ ಮಷೀನ್ ಇತ್ತು, ಅದೇ ಪಾಯಿಂಟಿನಲ್ಲಿ 1000 ವಾಟಿನ ಇಸ್ತ್ರಿ ಪೆಟ್ಟಿಗೆಯೂ ಇತ್ತು. ಮೂರೂ ಸೇರಿದರೆ ಸುಮಾರು 22 ಆಂಪಿಯರ್. ವೈರ್ ಒಂದೂವರೆ ಸ್ಕ್ವೇರ್ ಎಂಎಂ. ಅಂದರೆ ಆ 16ರ ಎಂಸಿಬಿ ಸರಿಯಾಗಿಯೇ ಟ್ರಿಪ್ ಆಗುತ್ತಿತ್ತು. ವಾಷಿಂಗ್ ಮಷೀನಿಗೆ ಬೇರೆ ಲೈನ್ ಎಳೆದಿದ್ದರೆ ಮುಗಿಯುತ್ತಿತ್ತು.

ಹಾಗಾದರೆ ಪ್ಯಾನೆಲ್ ಬದಲಿಸುವ ಹೊತ್ತು ಬಂದಿದೆ ಅಂತ ಹೇಗೆ ತಿಳಿಯುವುದು?

ಮೂಗು, ಕಿವಿ, ಕೈ ಮೂರೂ ಹೇಳುತ್ತವೆ. ಪ್ಯಾನೆಲ್ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ ಅಥವಾ ಮೀನಿನಂಥ ವಾಸನೆ ಬಂದರೆ, ಒಳಗಿಂದ ಜುಯ್ ಅನ್ನುವ ಅಥವಾ ಚಟಪಟ ಸದ್ದು ಬಂದರೆ, ಮುಚ್ಚಳ ಮುಟ್ಟಿದಾಗ ಬಿಸಿ ತಾಗಿದರೆ ತಡಮಾಡಬೇಡಿ. ಮೇನ್ ಆಫ್ ಮಾಡಿ ಆ ದಿನವೇ ಎಲೆಕ್ಟ್ರಿಷಿಯನ್ ಕರೆಸಿ. ಮುಚ್ಚಳ ತೆಗೆದು ನೋಡಲು ಹೋಗಬೇಡಿ.

ಉಳಿದ ಸೂಚನೆಗಳು ನಿಧಾನದವು. ಗೀಸರ್ ಹಾಕಿದಾಗ ದೀಪ ಮಂಕಾಗುವುದು. ಒಂದೇ ಎಂಸಿಬಿಯ ಬಾಯಿಗೆ ಎರಡು ಮೂರು ವೈರ್ ತುರುಕಿರುವುದು. ಇಡೀ ಮನೆಗೆ ಎರಡೇ ಲೈನ್ ಇರುವುದು. ಮರದ ಹಲಗೆಯ ಮೇಲೆ ಕೂರಿಸಿದ ಹಳೆಯ ಬೋರ್ಡ್. ತುಕ್ಕು ಅಥವಾ ನೀರಿನ ಕಲೆ. ಆರ್‌ಸಿಸಿಬಿ ಇಲ್ಲದಿರುವುದು. ಇವುಗಳಲ್ಲಿ ಕೊನೆಯದೊಂದೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಮನೆಗೆ ಎಷ್ಟು ಆಂಪಿಯರ್ ಬೇಕು? ಲೆಕ್ಕ ಹಾಕುವುದು ಹೇಗೆ?

ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಒಂದು ಕಾಗದ ತೆಗೆದುಕೊಂಡು ಮನೆಯ ದೊಡ್ಡ ಸಾಮಾನುಗಳ ವಾಟ್ ಬರೆಯಿರಿ. ಸಾಮಾನಿನ ಹಿಂದೆಯೋ ತಳದಲ್ಲೋ ಅಂಟಿಸಿರುವ ಚೀಟಿಯಲ್ಲಿ ಅದು ಇರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಗೀಸರ್ 2000, ಎರಡು ಎಸಿ ಸೇರಿ 3000, ಇಂಡಕ್ಷನ್ ಒಲೆ 2000, ವಾಷಿಂಗ್ ಮಷೀನ್ 2000, ಮೈಕ್ರೋವೇವ್ 1200, ಇಸ್ತ್ರಿ 1000, ಒಂದು ಎಚ್‌ಪಿ ಪಂಪ್ 750, ಫ್ರಿಜ್ 150, ದೀಪ ಫ್ಯಾನ್ ಟಿವಿ ಸೇರಿ 500. ಒಟ್ಟು 12,600 ವಾಟ್. 230ರಿಂದ ಭಾಗಿಸಿದರೆ ಸುಮಾರು 55 ಆಂಪಿಯರ್.

ಎಲ್ಲವೂ ಒಟ್ಟಿಗೆ ಓಡುವುದಿಲ್ಲ ಅಲ್ವಾ? ಹಾಗಾಗಿ ಎರಡನೆಯ ಲೆಕ್ಕ ಬೇಕು. ದಿನದಲ್ಲಿ ಯಾವ ಹೊತ್ತಿಗೆ ಯಾವುದೆಲ್ಲ ಒಟ್ಟಿಗೆ ಓಡುತ್ತದೆ? ತುಂಬಾ ಜನ ರಾತ್ರಿಯದೇ ಜಾಸ್ತಿ ಅಂದುಕೊಳ್ಳುತ್ತಾರೆ, ಎಸಿ ಇರುತ್ತದಲ್ಲ ಅಂತ. ಮೇಲಿನ ಮನೆಯಲ್ಲಿ ರಾತ್ರಿ ಎರಡು ಎಸಿ, ಗೀಸರ್, ಒಲೆ, ಫ್ರಿಜ್, ದೀಪ ಸೇರಿ 7,650 ವಾಟ್, ಅಂದರೆ 33 ಆಂಪಿಯರ್. ಬೆಳಗ್ಗೆ ಎಸಿ ಇಲ್ಲ. ಆದರೆ ಗೀಸರ್, ಒಲೆ, ವಾಷಿಂಗ್ ಮಷೀನ್, ಇಸ್ತ್ರಿ, ಪಂಪ್ ಒಟ್ಟಿಗೆ ಓಡುತ್ತವೆ. ಫ್ರಿಜ್, ದೀಪವೂ ಸೇರಿ 8,400 ವಾಟ್. 36 ಆಂಪಿಯರ್ ದಾಟಿತು. ಪಂಪ್ ಶುರುವಾಗುವ ಕ್ಷಣ ಅದು ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಈ ಮನೆಗೆ 40 ಆಂಪಿಯರಿನ ಮೇನ್ ಇದ್ದರೆ ತುದಿಗಾಲಲ್ಲಿ ನಿಂತ ಹಾಗೆ. 63 ಇದ್ದರೆ ನೆಮ್ಮದಿ.

ಆದರೆ ಡಬ್ಬಿಯಲ್ಲಿ 63 ಹಾಕಿದ ಮಾತ್ರಕ್ಕೆ 63 ಬರುವುದಿಲ್ಲ. ಮೀಟರಿನಿಂದ ಬರುವ ವೈರ್, ಮೀಟರ್, ಕಂಪನಿಯ ಫ್ಯೂಸ್, ಮಂಜೂರಾದ ಲೋಡ್ ಎಲ್ಲವೂ ಅಷ್ಟನ್ನು ತಡೆಯಬೇಕು. ಅದರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಸಿಂಗಲ್ ಫೇಸ್ ಸಾಕಾ, ತ್ರೀ ಫೇಸ್ ಬೇಕಾ?

ಲೆಕ್ಕ ಸಿಂಗಲ್ ಫೇಸಿನ ಮಿತಿಯೊಳಗೆ ಬಂದರೆ ಸಿಂಗಲ್ ಫೇಸೇ ಸುಲಭ. ತ್ರೀ ಫೇಸ್ ಅಂದರೆ ಮೂರು ಫೇಸ್, ಒಂದು ನ್ಯೂಟ್ರಲ್. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟ್, ಫೇಸಿಗೂ ಫೇಸಿಗೂ ನಡುವೆ 400. ಲೋಡನ್ನು ಮೂರಕ್ಕೂ ಸರಿಯಾಗಿ ಹಂಚಬೇಕು. ಎರಡು ಎಸಿ, ಗೀಸರ್ ಎಲ್ಲ ಒಂದೇ ಫೇಸಿಗೆ ಹಾಕಿ ಉಳಿದೆರಡನ್ನು ಖಾಲಿ ಬಿಟ್ಟರೆ ತ್ರೀ ಫೇಸ್ ತೆಗೆದುಕೊಂಡದ್ದೇ ದಂಡ.

ತ್ರೀ ಫೇಸ್ ಮನೆಯಲ್ಲಿ ಒಂದು ಅಪಾಯವನ್ನು ಎಲ್ಲರೂ ತಿಳಿದಿರಬೇಕು. ಮೇನ್ ನ್ಯೂಟ್ರಲ್ ಲೂಸ್ ಆಗಿ ಕಳಚಿಕೊಂಡರೆ ಕರೆಂಟ್ ಹೋಗುವುದಿಲ್ಲ. ಬದಲಿಗೆ ಎರಡು ಫೇಸಿನ ಸಾಮಾನುಗಳು 400 ವೋಲ್ಟನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಕಡಿಮೆ ಲೋಡ್ ಇರುವ ಫೇಸಿಗೆ 300ಕ್ಕೂ ಮೇಲೆ ಏರಬಹುದು. ಟಿವಿ, ಫ್ರಿಜ್, ಮೋಡೆಮ್ ಎಲ್ಲ ಒಂದೇ ಏಟಿಗೆ ಸುಡುತ್ತವೆ. 120/240 ವೋಲ್ಟಿನ ಎರಡು ಲೈನ್ ಇರುವ ಮನೆಗಳಲ್ಲೂ ಇದೇ ಕಥೆ. ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯ ದೀಪ ಕಣ್ಣು ಕುಕ್ಕುವಷ್ಟು ಉರಿದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಉಳಿದದ್ದು. ಹೊಸ ಪ್ಯಾನೆಲ್ಲಿನಲ್ಲಿ ವೋಲ್ಟೇಜ್ ಏರಿದರೆ ಕಡಿದುಹಾಕುವ ರಿಲೇ ಹಾಕಿಸಿಕೊಳ್ಳುವುದು ಒಳ್ಳೆಯದು.

ಎಂಸಿಬಿ ಇದ್ದರೂ ಆರ್‌ಸಿಸಿಬಿ ಯಾಕೆ ಬೇಕು?

ಎಂಸಿಬಿ ವೈರನ್ನು ಕಾಯುತ್ತದೆ ಅಂದೆ. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ.

ಗೀಸರಿನ ಕಾಯಿಲ್ ಸೋರಿ ನೀರಿಗೆ ಕರೆಂಟ್ ಬಂದಿದೆ ಅಂದುಕೊಳ್ಳಿ. ಒಬ್ಬರ ಮೈಮೂಲಕ 0.1 ಆಂಪಿಯರ್ ಹರಿದರೂ ಪ್ರಾಣ ಹೋಗಬಹುದು. 16 ಆಂಪಿಯರಿನ ಎಂಸಿಬಿಗೆ ಅದು ಏನೇನೂ ಅಲ್ಲ. ಅದು ಸುಮ್ನೆ ಇರುತ್ತದೆ.

ಆರ್‌ಸಿಸಿಬಿ ನೋಡುವುದೇ ಬೇರೆ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್ಲಿನಲ್ಲಿ ವಾಪಸು ಬಂತಾ ಅಂತ ಅದು ಸದಾ ತಾಳೆ ನೋಡುತ್ತಿರುತ್ತದೆ. ಬರದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರಿನದು ಇರಬೇಕು. ಅಷ್ಟು ಸೋರಿದರೆ 0.3 ಸೆಕೆಂಡಿನೊಳಗೆ, ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಅದು ಕರೆಂಟ್ ಕಡಿಯಬೇಕು. ಶಾಕ್ ತಾಗುತ್ತದೆ, ಆದರೆ ಹೃದಯದ ಬಡಿತ ದಿಕ್ಕುತಪ್ಪುವ ಮುಂಚೆ ಕರೆಂಟ್ ಹೋಗಿರುತ್ತದೆ. 100 ಅಥವಾ 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು. ಮನುಷ್ಯರಿಗೆ ಅವು ಸಾಲವು.

ಇದಕ್ಕೂ ಮಿತಿ ಇದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಗೆ ಗೊತ್ತಾಗುವುದಿಲ್ಲ. ಹೋದದ್ದೆಲ್ಲ ವಾಪಸು ಬರುತ್ತಿರುತ್ತದಲ್ಲ. ಲೋಡ್ ಜಾಸ್ತಿಯಾದರೂ ಅದು ಟ್ರಿಪ್ ಆಗುವುದಿಲ್ಲ. ಹಾಗಾಗಿ ಎಂಸಿಬಿಯೂ ಬೇಕು, ಆರ್‌ಸಿಸಿಬಿಯೂ ಬೇಕು. ಎರಡೂ ಕೆಲಸ ಒಂದರಲ್ಲೇ ಮಾಡುವುದಕ್ಕೆ ಆರ್‌ಸಿಬಿಒ ಅನ್ನುತ್ತಾರೆ. ಕೈಗೆಟುಕಿದರೆ ಒಂದೊಂದು ಲೈನಿಗೂ ಒಂದೊಂದು ಆರ್‌ಸಿಬಿಒ ಹಾಕಿಸಿ. ಬಚ್ಚಲಿನಲ್ಲಿ ಸೋರಿಕೆಯಾದರೆ ಬಚ್ಚಲಿನ ಲೈನ್ ಮಾತ್ರ ಹೋಗುತ್ತದೆ, ಇಡೀ ಮನೆ ಕತ್ತಲಾಗುವುದಿಲ್ಲ.

ಆರ್‌ಸಿಸಿಬಿ ಹಾಕಿಸಿದ ಮೇಲೆ ಅದು ಟ್ರಿಪ್ ಆಗುತ್ತಲೇ ಇದೆ. ತೆಗೆಸಿಬಿಡಲಾ?

ತೆಗೆಸಬೇಡಿ. ಅದು ಏನೋ ಹೇಳುತ್ತಿದೆ, ಕೇಳಿಸಿಕೊಳ್ಳಬೇಕು.

ಎಲ್ಲ ಎಂಸಿಬಿ ಆಫ್ ಮಾಡಿ ಆರ್‌ಸಿಸಿಬಿ ಮೇಲೆತ್ತಿ. ಆಮೇಲೆ ಒಂದೊಂದೇ ಲೈನ್ ಹಾಕುತ್ತಾ ಹೋಗಿ. ಯಾವುದಕ್ಕೆ ಟ್ರಿಪ್ ಆಯಿತೋ ಆ ಲೈನಿನ ಸಾಮಾನುಗಳ ಪ್ಲಗ್ ಕಿತ್ತು ಮತ್ತೆ ನೋಡಿ. ಹೆಚ್ಚಾಗಿ ಸಿಗುವುದು ಹಳೆಯ ಗೀಸರಿನ ಕಾಯಿಲ್, ತೇವ ಹೊಕ್ಕ ಹೊರಗಿನ ದೀಪ, ಇಲ್ಲವೇ ಇಸ್ತ್ರಿಯ ಸವೆದ ವೈರ್.

ಸಾಮಾನುಗಳೆಲ್ಲ ಸರಿ ಇದ್ದೂ ಟ್ರಿಪ್ ಆಗುತ್ತಿದ್ದರೆ ನ್ಯೂಟ್ರಲ್ ನೋಡಿಸಿ. ಹಳೆಯ ಮನೆಗಳಲ್ಲಿ ಒಂದು ಲೈನಿನ ಫೇಸಿಗೆ ಇನ್ನೊಂದು ಲೈನಿನ ನ್ಯೂಟ್ರಲ್ ಕೊಟ್ಟಿರುವುದು ತುಂಬಾ ಸಾಮಾನ್ಯ. ಆರ್‌ಸಿಸಿಬಿ ದಾಟಿ ಹೋದ ಕರೆಂಟ್ ಬೇರೆ ದಾರಿಯಲ್ಲಿ ವಾಪಸು ಬಂದರೆ ಅದಕ್ಕೆ ಸೋರಿಕೆಯಂತೆಯೇ ಕಾಣುತ್ತದೆ. ಇನ್ವರ್ಟರ್ ಇರುವ ಮನೆಗಳಲ್ಲಿ ಈ ತೊಡಕು ಇನ್ನೂ ಜಾಸ್ತಿ, ಯಾಕೆಂದರೆ ಇನ್ವರ್ಟರ್ ಲೈನಿನ ನ್ಯೂಟ್ರಲ್ ಮತ್ತು ಮಾಮೂಲಿ ಲೈನಿನ ನ್ಯೂಟ್ರಲ್ ಎಲ್ಲೋ ಒಂದು ಸ್ವಿಚ್ ಬೋರ್ಡಿನಲ್ಲಿ ಸೇರಿಬಿಟ್ಟಿರುತ್ತವೆ. ಹುಡುಕಲು ಅರ್ಧ ದಿನ ಹಿಡಿಯಬಹುದು. ಆ ಅರ್ಧ ದಿನಕ್ಕೆ ಬೆಲೆ ಇದೆ.

ಅರ್ಥಿಂಗ್ ಸರಿಯಿದೆಯಾ ಅಂತ ಯಾಕೆ ನೋಡಬೇಕು? ಹೊಸ ಪ್ಯಾನೆಲ್ ಬಂದರೆ ಅದೂ ಸರಿಯಾಗುವುದಿಲ್ಲವಾ?

ಆಗುವುದಿಲ್ಲ. ಹೊಸ ಡಬ್ಬಿಯಲ್ಲಿ ಹೊಳೆಯುವ ಅರ್ಥ್ ಪಟ್ಟಿ ಇರುತ್ತದೆ, ಅದರಿಂದ ಹಸಿರು ವೈರ್ ಹೊರಗೆ ಹೋಗುತ್ತದೆ. ಅದು ನೆಲಕ್ಕೆ ನಿಜವಾಗಿ ಸೇರಿದೆಯಾ ಅನ್ನುವುದೇ ಪ್ರಶ್ನೆ.

ಹಿಂದೆ ಎಷ್ಟೋ ಕಡೆ ಲೋಹದ ನೀರಿನ ಪೈಪಿಗೇ ಅರ್ಥ್ ಕಟ್ಟುತ್ತಿದ್ದರು. ಆಮೇಲೆ ಯಾವಾಗಲೋ ಪೈಪ್ ಸೋರಿತು, ಪ್ಲಂಬರ್ ಬಂದು ಪ್ಲಾಸ್ಟಿಕ್ ಪೈಪ್ ಹಾಕಿದರು. ಆ ದಿನವೇ ಮನೆಯ ಅರ್ಥಿಂಗ್ ಹೋಯಿತು. ಯಾರ ಗಮನಕ್ಕೂ ಬರಲಿಲ್ಲ. ದೀಪ ಉರಿಯುವುದಕ್ಕೆ ಅರ್ಥ್ ಬೇಕಿಲ್ಲವಲ್ಲ.

ಅರ್ಥ್ ಇಲ್ಲದೆಯೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಆದರೆ ವ್ಯತ್ಯಾಸ ನೋಡಿ. ಅರ್ಥ್ ಸರಿ ಇದ್ದರೆ ಗೀಸರಿನಲ್ಲಿ ಸೋರಿಕೆ ಶುರುವಾದ ಕೂಡಲೇ, ಯಾರೂ ಮುಟ್ಟುವ ಮುಂಚೆಯೇ ಅದು ಟ್ರಿಪ್ ಆಗುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಕಾಯುತ್ತದೆ. ಆ ಯಾರಾದರೂ ಮನೆಯ ಮಗು ಆಗಿರಬಹುದು.

ಎಂಸಿಬಿ ಮೇಲೆ ಸಿ16, ಬಿ10 ಅಂತೆಲ್ಲ ಇರುತ್ತದೆ. ಚೌಕದೊಳಗೆ 6000 ಅಂತಲೂ ಇದೆ. ಏನದು?

ಅಂಕಿ ಆಂಪಿಯರ್. ಅಕ್ಷರ ಹೇಳುವುದು ಕರೆಂಟ್ ಎಷ್ಟು ಪಟ್ಟು ಏರಿದರೆ ಕೂಡಲೇ ಬೀಳಬೇಕು ಅನ್ನುವುದನ್ನು. ಬಿ ಆದರೆ 3ರಿಂದ 5 ಪಟ್ಟು, ಸಿ ಆದರೆ 5ರಿಂದ 10, ಡಿ ಆದರೆ 10ರಿಂದ 20. ದೀಪ, ಗೀಸರಿಗೆ ಬಿ ಸರಿ. ಎಸಿ, ಪಂಪಿನಂಥ ಮೋಟಾರಿಗೆ ಸಿ. ಡಿ ಮನೆಗೆ ಬೇಕಾಗುವುದು ಅಪರೂಪ. 6000 ಅಂದರೆ ಶಾರ್ಟ್ ಆದಾಗ 6000 ಆಂಪಿಯರ್ ತನಕ ಒಡೆಯದೆ ಕಡಿಯಬಲ್ಲದು ಅಂತ. ಟ್ರಾನ್ಸ್‌ಫಾರ್ಮರ್ ತೀರಾ ಹತ್ತಿರ ಇದ್ದರೆ 10,000ದ್ದು ಬೇಕಾಗಬಹುದು.

ಒಂದು ವಿಷಯ ಗೊತ್ತಿರಲಿ. 16 ಆಂಪಿಯರಿನ ಎಂಸಿಬಿ 16 ದಾಟಿದ ಕೂಡಲೇ ಬೀಳುವುದಿಲ್ಲ. 1.13 ಪಟ್ಟಿನ ತನಕ, ಅಂದರೆ ಸುಮಾರು 18 ಆಂಪಿಯರಿಗೆ, ಅದು ಒಂದು ಗಂಟೆ ನಿಲ್ಲಬೇಕು. 1.45 ಪಟ್ಟು, ಅಂದರೆ ಸುಮಾರು 23ಕ್ಕೆ, ಒಂದು ಗಂಟೆಯೊಳಗೆ ಬೀಳಬೇಕು. ವೈರ್ ಆರಿಸುವಾಗ ತೀರಾ ಅಂಚಿಗೆ ಹೋಗಬಾರದು ಅನ್ನುವುದು ಇದಕ್ಕೇ.

ಪ್ಯಾನೆಲ್ ಜೊತೆ ಇಡೀ ವೈರಿಂಗ್ ಬದಲಿಸಬೇಕಾ?

ಯಾವಾಗಲೂ ಅಲ್ಲ. ಪರೀಕ್ಷೆ ಮಾಡಿಸಿ ನಿರ್ಧರಿಸಿ. ಮೆಗ್ಗರ್ ಅನ್ನುವ ಸಾಧನದಿಂದ 500 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಕೊಟ್ಟು ಹೊದಿಕೆಯ ಗಟ್ಟಿತನ ಅಳೆಯುತ್ತಾರೆ. ಒಂದೊಂದು ಲೈನಿಗೂ ಕನಿಷ್ಠ 1 ಮೆಗಾ ಓಮ್ ಬರಬೇಕು. ಒಳ್ಳೆಯ ವೈರಿಂಗಿನಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಪರೀಕ್ಷೆಗೆ ಮುಂಚೆ ಪ್ಲಗ್‌ಗಳನ್ನೆಲ್ಲ ಕೀಳಬೇಕು, ಇಲ್ಲದಿದ್ದರೆ ಸಾಮಾನುಗಳು ಹಾಳಾಗುತ್ತವೆ.

ಗೀಸರ್, ಎಸಿ, ಒಲೆಗೆ ತೆಳು ವೈರ್ ಇದ್ದರೆ ಆ ಲೈನುಗಳನ್ನಾದರೂ ಹೊಸದಾಗಿ ಎಳೆಸಿ. ಹಳೆಯ ವೈರ್ ಅಲ್ಯೂಮಿನಿಯಂ ಆಗಿದ್ದರೆ ಇನ್ನೂ ಹುಷಾರಾಗಿರಬೇಕು. ಸ್ಕ್ರೂ ಕೆಳಗೆ ಅದು ಕಾಲಕ್ರಮೇಣ ಒತ್ತಿಕೊಂಡು ಸಡಿಲವಾಗುತ್ತದೆ. ಮೇಲೆ ಕರೆಂಟ್ ಹರಿಯದ ಪದರ ಕಟ್ಟುತ್ತದೆ. ತಾಮ್ರದ ಜೊತೆ ನೇರವಾಗಿ ತಿರುಚಿದರೆ ಜಾಯಿಂಟ್ ಬಿಸಿಯಾಗುತ್ತದೆ. ಅದಕ್ಕೆಂದೇ ಮಾಡಿದ ಕನೆಕ್ಟರ್ ಬೇಕು.

ಸಿಡಿಲಿನಿಂದ ಸಾಮಾನು ಉಳಿಸಲು ಏನಾದರೂ ಹಾಕಬಹುದಾ?

ಎಸ್‌ಪಿಡಿ ಅನ್ನುವ ಸಾಧನ ಇದೆ. ವೋಲ್ಟೇಜ್ ಏಕಾಏಕಿ ನೆಗೆದರೆ ಅದನ್ನು ಅರ್ಥಿಗೆ ಇಳಿಸುತ್ತದೆ. ಮನೆಯ ಪ್ಯಾನೆಲ್ಲಿಗೆ ಸಾಮಾನ್ಯವಾಗಿ ಟೈಪ್ 2 ಹಾಕುತ್ತಾರೆ. ಚಾವಣಿಯ ಮೇಲೆ ಮಿಂಚು ಕಂಬಿ ಇದ್ದರೆ ಟೈಪ್ 1 ಬೇಕು. ಅದರ ವೈರುಗಳು ಒಟ್ಟು ಅರ್ಧ ಮೀಟರಿಗಿಂತ ಚಿಕ್ಕದಿರಬೇಕು, ಉದ್ದವಾದಷ್ಟೂ ಕೆಲಸ ಕೆಡುತ್ತದೆ. ಮುಂದಿನ ಚಿಕ್ಕ ಕಿಟಕಿ ಹಸಿರಿನಿಂದ ಕೆಂಪಾದರೆ ಬದಲಿಸಿ. ಅರ್ಥಿಂಗ್ ಇಲ್ಲದ ಮನೆಗೆ ಇದನ್ನು ಹಾಕಿಸಿ ಪ್ರಯೋಜನವಿಲ್ಲ.

ಎಷ್ಟು ದೊಡ್ಡ ಡಬ್ಬಿ ತರಬೇಕು? ಎಲ್ಲಿ ಕೂರಿಸಬೇಕು?

ಬೇಕಾದ ಲೈನುಗಳನ್ನು ಎಣಿಸಿ, ಅದರ ಮೇಲೆ ಕಾಲು ಭಾಗ ಖಾಲಿ ಜಾಗ ಬಿಡಿ. ಒಂದು ಪೋಲಿನ, ಅಂದರೆ ಒಂದೇ ವೈರ್ ಕಡಿಯುವ, ಎಂಸಿಬಿ ಸುಮಾರು 18 ಮಿಲಿಮೀಟರ್ ಅಗಲ. ಆರ್‌ಸಿಸಿಬಿ ಎರಡು ಅಥವಾ ನಾಲ್ಕು ಪೋಲಿನ ಜಾಗ ತಿನ್ನುತ್ತದೆ.

ಬಚ್ಚಲಲ್ಲಿ ಬೇಡ. ಒಲೆಯ ಮೇಲೆ, ಸಿಂಕಿನ ಮೇಲೆ, ಬಟ್ಟೆ ತುಂಬಿದ ಕಪಾಟಿನೊಳಗೆ ಬೇಡ. ನಿಂತವರ ಕೈಗೆ ಸುಲಭವಾಗಿ ಸಿಗಬೇಕು, ಮುಂದೆ ಸುಮಾರು ಒಂದು ಮೀಟರ್ ಜಾಗ ಖಾಲಿ ಇರಬೇಕು. ಚೆಂದ ಕಾಣಲೆಂದು ಅದರ ಮುಂದೆ ಬೀರು ಇಡುವವರಿದ್ದಾರೆ. ಹೊಗೆ ಬರುವಾಗ ಆ ಬೀರು ಸರಿಸಲು ಹೊತ್ತಿರುವುದಿಲ್ಲ.

ನನಗೆ ಸ್ವಲ್ಪ ಕೆಲಸ ಗೊತ್ತು. ನಾನೇ ಬದಲಿಸಬಹುದಾ?

ಬಲ್ಬ್ ಹೋಲ್ಡರ್ ಹಾಕುವುದು ಬೇರೆ, ಪ್ಯಾನೆಲ್ ಬೇರೆ. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಅದರ ಮೇಲ್ಭಾಗಕ್ಕೆ ಮೀಟರಿನಿಂದ ಬರುವ ವೈರುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನು ನಿಲ್ಲಿಸಬೇಕಾದರೆ ಅದಕ್ಕೂ ಹಿಂದೆ ಕಡಿಯಬೇಕು. ಆ ಜಾಗದಲ್ಲಿ ಸ್ಕ್ರೂಡ್ರೈವರ್ ಜಾರಿ ಶಾರ್ಟ್ ಆದರೆ ಹಾರುವ ಬೆಂಕಿಯ ಉಂಡೆ ಕೈ, ಮುಖ ಸುಡುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೇ ಬಿಡಿ. ಹೆಚ್ಚಿನ ಕಡೆ ಕಾನೂನೂ ಇದನ್ನೇ ಹೇಳುತ್ತದೆ.

ಲೋಡ್ ಹೆಚ್ಚಿಸುವುದಿದ್ದರೆ ವಿದ್ಯುತ್ ಕಂಪನಿಗೆ ಮೊದಲೇ ಅರ್ಜಿ ಹಾಕಿ. ಅನುಮತಿ, ತಪಾಸಣೆ ಇರುವ ಕಡೆ ಅದನ್ನು ತಪ್ಪಿಸಬೇಡಿ. ನಮ್ಮ ಕಣ್ಣಿಗೆ ಬೀಳದ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಕೆಲಸಕ್ಕೆ ಎಷ್ಟು ಹೊತ್ತು ಬೇಕು? ಆ ದಿನ ಏನು ಸಿದ್ಧತೆ ಮಾಡಿಕೊಳ್ಳಬೇಕು?

ಇರುವ ಜಾಗದಲ್ಲೇ ಬದಲಿಸುವುದಾದರೆ ಸಾಮಾನ್ಯವಾಗಿ ಒಂದು ದಿನ. ಜಾಗ ಬದಲಿಸಿದರೆ, ಹೊಸ ಲೈನ್ ಎಳೆದರೆ ಜಾಸ್ತಿ. ಬೆಳಗ್ಗೆಯೇ ಶುರು ಮಾಡಿಸಿ, ಕತ್ತಲಾಗುವ ಮುಂಚೆ ಮುಗಿಯಲಿ. ಹಿಂದಿನ ದಿನ ಟ್ಯಾಂಕ್ ತುಂಬಿಸಿ, ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ. ಫ್ರಿಜ್ ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ. ಮನೆಯಲ್ಲಿ ಕರೆಂಟ್ ಬೇಕಾದ ವೈದ್ಯಕೀಯ ಸಾಧನ ಇದ್ದರೆ ಅದರ ಏರ್ಪಾಡು ಮೊದಲು.

ಕೆಲಸ ಸರಿಯಾಗಿದೆಯಾ ಅಂತ ನಮ್ಮಂಥವರಿಗೆ ತಿಳಿಯುವುದು ಹೇಗೆ?

ಮುಚ್ಚಳ ಹಾಕುವ ಮುಂಚೆ ಒಂದು ಫೋಟೋ ತೆಗೆದುಕೊಡಿ ಅಂತ ಕೇಳಿ. ಅಚ್ಚುಕಟ್ಟಾಗಿ ಮಡಿಸಿದ ವೈರುಗಳು, ಒಂದು ಸ್ಕ್ರೂಗೆ ಒಂದೇ ವೈರ್, ಹಲವು ಎಳೆಯ ವೈರಿನ ತುದಿಗೆ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುದಿ), ಡಬ್ಬಿಯೊಳಗೆ ವೈರ್ ಬರುವ ತೂತಿನಲ್ಲಿ ರಬ್ಬರ್ ಅಥವಾ ವೈರನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್, ಬಳಸದ ತೂತುಗಳಿಗೆ ಮುಚ್ಚಳ, ಇಷ್ಟು ಕಾಣಬೇಕು.

ಸ್ಕ್ರೂ ಬಿಗಿಯುವುದನ್ನು ಹಗುರವಾಗಿ ನೋಡಬೇಡಿ. ಪ್ಯಾನೆಲ್ ಸುಡುವುದಕ್ಕೆ ದೊಡ್ಡ ಕಾರಣ ಲೂಸ್ ಕನೆಕ್ಷನ್. ಸಡಿಲವಾದ ಕಡೆ ಬಿಸಿಯಾಗುತ್ತದೆ, ಬಿಸಿಗೆ ಇನ್ನೂ ಸಡಿಲವಾಗುತ್ತದೆ. ಎಂಸಿಬಿಗೆ ಇಷ್ಟೇ ಬಿಗಿ ಬೇಕು ಅಂತ ತಯಾರಕರು ನ್ಯೂಟನ್ ಮೀಟರ್ ಲೆಕ್ಕದಲ್ಲಿ ಹೇಳಿರುತ್ತಾರೆ. ಅಳತೆ ತೋರಿಸುವ ಟಾರ್ಕ್ ಸ್ಕ್ರೂಡ್ರೈವರ್ ಬಳಸುವವರು ಸಿಕ್ಕರೆ ಅವರನ್ನು ಬಿಡಬೇಡಿ. ಕೊನೆಗೆ ಮೆಗ್ಗರ್ ಅಂಕಿ, ಅರ್ಥ್ ಅಂಕಿ, ಆರ್‌ಸಿಸಿಬಿ ಬೀಳಲು ತೆಗೆದುಕೊಂಡ ಸಮಯ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಡಲು ಹೇಳಿ.

ಮುಂದೆ ಎಲೆಕ್ಟ್ರಿಕ್ ಕಾರ್, ಸೋಲಾರ್ ಬರಬಹುದು. ಈಗಲೇ ಯೋಚಿಸಬೇಕಾ?

ಖಂಡಿತ. 7.4 ಕಿಲೋವಾಟಿನ ಕಾರ್ ಚಾರ್ಜರ್ ಒಂದೇ 32 ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಮೇಲೆ ಹೇಳಿದ ಮನೆಯ ಬೆಳಗಿನ 36ರ ಜೊತೆ ಸೇರಿದರೆ 63ರ ಮೇನ್ ಸಾಲದು. ನಡುರಾತ್ರಿಯಲ್ಲಿ ಚಾರ್ಜ್ ಮಾಡುವುದು, ಮನೆಯ ಲೋಡ್ ನೋಡಿಕೊಂಡು ತಾನೇ ಇಳಿಸಿಕೊಳ್ಳುವ ಚಾರ್ಜರ್ ಹಾಕುವುದು, ಇಲ್ಲವೇ ತ್ರೀ ಫೇಸ್, ಹೀಗೆ ದಾರಿಗಳಿವೆ. ಕಾರಿನಿಂದ ಡಿಸಿ ಸೋರಿಕೆ ಬಂದರೆ ಮಾಮೂಲಿ ಎಸಿ ಟೈಪ್ (ಇಲ್ಲಿ ಎಸಿ ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಮನೆಯ ಕರೆಂಟ್) ಆರ್‌ಸಿಸಿಬಿ ಕುರುಡಾಗುತ್ತದೆ. ಅದಕ್ಕೆ ಬಿ ಟೈಪ್ ಆರ್‌ಸಿಸಿಬಿ (ಎಂಸಿಬಿಯ ಬಿ ಬೇರೆ), ಅಥವಾ ಚಾರ್ಜರಿನಲ್ಲಿ 6 ಮಿಲಿ ಆಂಪಿಯರ್ ಡಿಸಿ ಗುರುತಿಸುವ ಏರ್ಪಾಡು ಇದ್ದರೆ ಎ ಟೈಪ್ ಬೇಕು.

ಸೋಲಾರ್ ಇದ್ದರೆ ಪ್ಯಾನೆಲ್ಲಿಗೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ. ಒಳಗಿನ ತಾಮ್ರದ ಪಟ್ಟಿ ಎರಡನ್ನೂ ತಡೆಯಬೇಕು. ಜನರೇಟರ್ ಇದ್ದರೆ ಚೇಂಜ್‌ಓವರ್ ಸ್ವಿಚ್ (ಒಂದು ಸಲಕ್ಕೆ ಒಂದೇ ಕಡೆಯ ಕರೆಂಟ್ ಬಿಡುವ ಸ್ವಿಚ್) ಇಲ್ಲದೆ ಜೋಡಿಸಲೇಬಾರದು. ನಮ್ಮ 230 ವೋಲ್ಟ್ ಹೊರಗೆ ಹೋಗಿ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್ ಆಗಿ ಏರುತ್ತದೆ. ಕರೆಂಟ್ ಇಲ್ಲ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಅದು ಕುತ್ತು.

ಖರ್ಚು ಯಾವುದರ ಮೇಲೆ ಹೋಗುತ್ತದೆ? ಎಲ್ಲಿ ಉಳಿಸಬಹುದು?

ಲೈನುಗಳ ಸಂಖ್ಯೆ, ಆರ್‌ಸಿಬಿಒ ಎಷ್ಟು, ಹೊಸ ವೈರ್ ಎಷ್ಟು, ಗೋಡೆ ಒಡೆಯಬೇಕಾ, ಇವುಗಳ ಮೇಲೆ. ಡಬ್ಬಿಯ ಅಂದ, ಗಾಜಿನ ಬಾಗಿಲಿನಲ್ಲಿ ಉಳಿಸಿ. ಆರ್‌ಸಿಸಿಬಿ, ವೈರ್, ಅರ್ಥಿಂಗ್‌ನಲ್ಲಿ ಉಳಿಸಬೇಡಿ. ಒಟ್ಟಿಗೆ ಮಾಡಿಸಲು ಆಗದಿದ್ದರೆ ಮೊದಲು ಅರ್ಥಿಂಗ್ ಮತ್ತು ಆರ್‌ಸಿಸಿಬಿ, ಆಮೇಲೆ ಗೀಸರ್ ಮತ್ತು ಒಲೆಯ ಲೈನ್, ಕೊನೆಗೆ ಉಳಿದದ್ದು.

ಎಲ್ಲ ಮುಗಿದ ಮೇಲೆ ನಾವು ಮಾಡಬೇಕಾದದ್ದು ಏನಾದರೂ ಇದೆಯಾ?

ಎರಡು ಇವೆ. ಒಂದೊಂದು ಎಂಸಿಬಿಯ ಕೆಳಗೂ ಅದು ಯಾವುದಕ್ಕೆ ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೆದು ಅಂಟಿಸಿ. 'ಬಚ್ಚಲು ಗೀಸರ್', 'ಅಡುಗೆಮನೆ ಒಲೆ', 'ಮಹಡಿ ದೀಪ', ಹೀಗೆ. ಮನೆಯ ಹಿರಿಯರು ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದಿರಲಿ. ಮೇನ್ ಯಾವುದು, ಹೇಗೆ ಆಫ್ ಮಾಡುವುದು ಅಂತ ಮಕ್ಕಳಿಗೂ ತೋರಿಸಿ.

ಇನ್ನೊಂದು, ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಬಟನ್. ಮೂರು ತಿಂಗಳಿಗೊಮ್ಮೆಯಾದರೂ ಒತ್ತಿ. ಒತ್ತದೆ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಸ್ಪ್ರಿಂಗ್ ಜಡ್ಡುಗಟ್ಟಿ ಬೇಕಾದ ಹೊತ್ತಿನಲ್ಲಿ ಬೀಳದೆ ಹೋಗಬಹುದು. ಒತ್ತಿದಾಗ ಟಕ್ ಅಂತ ಬೀಳಬೇಕು. ಬೀಳದಿದ್ದರೆ ಅಂದೇ ಬದಲಿಸಿ. ಬಟನ್ ನೋಡುವುದು ಆರ್‌ಸಿಸಿಬಿಯನ್ನು ಮಾತ್ರ, ಅರ್ಥಿಂಗನ್ನು ಅದು ನೋಡುವುದಿಲ್ಲ. ಅದನ್ನು ಎಲೆಕ್ಟ್ರಿಷಿಯನ್ನರೇ ಸಾಧನ ಹಚ್ಚಿ ಅಳೆಯಬೇಕು. ನಮ್ಮ ಮನೆಯಲ್ಲಿ ಬಟನ್ ಒತ್ತಿದ ತಾರೀಕನ್ನು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತೇವೆ. ಆ ಸುಟ್ಟ ವೈರಿನ ತುಂಡೂ ಅದರ ಪಕ್ಕದಲ್ಲೇ ದಾರದಲ್ಲಿ ಕಟ್ಟಿದೆ.